ದೀಪದ ಸೊಸೆಯ ತವರುಮನೆ

ನಮ್ಮೂರಿನ ಸೊಳ್ಳೆಗಳು ಗೂಳಪ್ಪನ ಮನೆಯ ಪಾಲಿಗೆ ಬಂದಿದ್ದವು. ಅವನೊಬ್ಬ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಸೊಳ್ಳೆಯ ಕಡೆ ತಿರುಗಿ ನೋಡದೆ ಇದ್ದಿದ್ದರೆ ಸಾಕಿತ್ತು, ಊರಿಗೆ ಊರೇ ಹೊದಿಕೆಯಿಲ್ಲದೆ ಮಲಗಬಹುದಿತ್ತು. ಎಷ್ಟು ಜನ ಹೋಗಿ ಕೈಮುಗಿದರೂ ಆ ಪುಣ್ಯಾತ್ಮ ಒಪ್ಪಲಿಲ್ಲ. ಪ್ರತಿ ಶುಕ್ರವಾರ ಸಂಜೆ ಹೊಂಗೆಕಟ್ಟೆಗೆ ಬಂದು, ಮೊಣಕೈ ಕೆರೆದುಕೊಳ್ಳುತ್ತಲೇ ಸೊಳ್ಳೆಯ ವಿಷಯ ಹೊಸದೊಂದು ಹೇಳಿ ಹೋಗುತ್ತಿದ್ದ. "ಗೋಡೆ ಮೇಲೆ ಕೂತಾಗ ಹಿಂದಿನ ಎರಡು ಕಾಲು ಮ್ಯಾಕ್ಕೆ ಎತ್ಕಂಡಿರ್ತದೆ" ಎಂದ ಒಂದು ವಾರ. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ಹೆಂಗಸರು ಬೈದರು. ಬೈದವರೇ ಮನೆಗೆ ಹೋಗಿ ಗೋಡೆ ನೋಡಿ, ಹೌದಲ್ಲ, ಎತ್ಕಂಡೇ ಐತೆ ಎಂದರು.

ಊರಿನ ಪ್ರತಿ ಮನೆಗೂ ಹೀಗೆ ಒಂದೊಂದು ಪಾಲಿತ್ತು. ಒಂದು ಕಾಡುಗಿಡವೋ, ಒಂದು ಹಕ್ಕಿಯೋ, ಒಂದು ಹುಳುವೋ. ಆ ಮನೆಯವರು ತಿಂಗಳೊಳಗೆ ಅದನ್ನು ನೋಡಿ, ಹಿಂದೆ ಯಾರೂ ಹೇಳದ ಒಂದು ಮಾತನ್ನು ಕಟ್ಟೆಯ ಮೇಲೆ ಹೇಳಬೇಕಿತ್ತು. ಹೇಳದಿದ್ದರೆ ಅಮಾವಾಸ್ಯೆ ಕಳೆದ ಬೆಳಿಗ್ಗೆ ಅದು ಊರಲ್ಲಿ ಇರುತ್ತಿರಲಿಲ್ಲ. ಒಣಗುವುದಿಲ್ಲ, ಸಾಯುವುದಿಲ್ಲ, ಇರುವುದಿಲ್ಲ, ಅಷ್ಟೆ. ಕೆರೆಕೋಡಿ ಮನೆಯವರು ಮಗಳ ಮದುವೆಯ ಗಲಾಟೆಯಲ್ಲಿ ಮರೆತು ಗಣಿಕೆ ಗಿಡವನ್ನು ಕಳೆದರು. ಆಮೇಲೆ ಬಾಯಿಹುಣ್ಣಾದಾಗಲೆಲ್ಲ ಊರು ಅವರನ್ನು ನೆನೆದು ಶಾಪ ಹಾಕಿತು. ಬೇರೆಯವರು ಎಷ್ಟು ನೋಡಿದರೂ ಪ್ರಯೋಜನವಿಲ್ಲ, ಪಾಲಿನ ಮನೆಯವರೇ ನೋಡಬೇಕು. ಇನ್ನೊಂದು ಕಟ್ಟುಪಾಡು: ನೋಡಬೇಕು, ಮುಟ್ಟಬಾರದು. ಹೆಣ್ಣು ಕೇಳಲು ಬಂದವರು ಜಾತಕಕ್ಕಿಂತ ಮೊದಲು "ನಿಮ್ಮ ಪಾಲು ಯಾವುದು?" ಎನ್ನುತ್ತಿದ್ದರು. ನವಿಲಿನ ಮನೆಯವರ ಜಂಭ ಹೇಳತೀರದು. ಓತಿಕ್ಯಾತದ ಮನೆಯವರು ಉಗುಳು ನುಂಗಿಕೊಂಡು ಮೆಲ್ಲಗೆ ಹೇಳುತ್ತಿದ್ದರು.

ನನ್ನ ಸೋದರತ್ತೆ ತಿಮ್ಮಾಜಮ್ಮನ ಪಾಲು ಓತಿಕ್ಯಾತಕ್ಕಿಂತ ಕಡೆ. ಗುಂಡಿಹುಳ. ಸೂರಿನಡಿ, ಮಳೆ ತಾಗದ ಕಡೆ, ಹಿಟ್ಟಿನಂಥ ಧೂಳಿನಲ್ಲಿ ಆಲಿಕೆಯ ಹಾಗೆ ಸಣ್ಣ ಗುಂಡಿ ತೋಡಿಕೊಂಡು ತಳದಲ್ಲಿ ಹುದುಗಿ ಕೂರುವ ಹುಳು. ಇರುವೆ ಕಾಲು ಜಾರಿ ಬಿದ್ದರೆ ಕೆಳಗಿನಿಂದ ಧೂಳು ಎರಚಿ ಎರಚಿ ಬೀಳಿಸಿ ಹಿಡಿಯುತ್ತದೆ. ರಸ ಹೀರಿ, ಸಿಪ್ಪೆಯನ್ನು ಗುಂಡಿಯಾಚೆ ಎಸೆಯುತ್ತದೆ. ನೋಡಲು ತಿಗಣೆಗೆ ಇಕ್ಕಳ ಕಟ್ಟಿದ ಹಾಗೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ನನ್ನನ್ನು ಆ ಊರಿಗೆ ಕರೆತಂದು, "ನಿಮ್ಮತ್ತೆ ಒಬ್ಬಳೇ ಅವ್ಳೆ, ಜೊತೆಗಿರು" ಎಂದು ಬಿಟ್ಟು ಹೋದಾಗ, ಈ ಹುಳವನ್ನು ತೋರಿಸಿ ಅತ್ತೆ "ಇದು ನಮ್ಮನೇದು" ಎಂದಳು. ನಾನು ಮುಖ ಸಿಂಡರಿಸಿದೆ. ಪಕ್ಕದ ಮನೆಗೆ ಮಿಂಚುಳ್ಳಿ ಬಂದಿತ್ತು. ಹೊಟ್ಟೆಕಿಚ್ಚು ಎಂದರೆ ಏನೆಂದು ಅವತ್ತು ತಿಳಿಯಿತು.

ಅತ್ತೆ ಮುತ್ತುಗದ ಎಲೆ ಹಚ್ಚುವ ಕೆಲಸ ಮಾಡುತ್ತಿದ್ದಳು. ಹಂಚಿಕಡ್ಡಿ ಮುರಿದು ಎಲೆಗೆ ಎಲೆ ಸೇರಿಸಿ ಚುಚ್ಚುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದಳು. ಮಕ್ಕಳಿಲ್ಲ, ಗಂಡ ಹೋಗಿ ಬಹಳ ಕಾಲವಾಗಿತ್ತು. ಊರಿನ ಮದುವೆಗಳಲ್ಲಿ ಅವಳು ಹಚ್ಚಿದ ಎಲೆಯ ಮೇಲೆ ಎಲ್ಲರೂ ಉಣ್ಣುತ್ತಿದ್ದರು, ಅವಳನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಆದರೆ ಶುಕ್ರವಾರ ಹಾಗಲ್ಲ. ಹೊಂಗೆಕಟ್ಟೆಯ ಮೇಲೆ ಕೂತ ಹಾಲಪ್ಪ ಮೇಷ್ಟ್ರು ಇಡೀ ಊರಿನೆದುರು, "ಹೊಸದೇನು, ತಿಮ್ಮಾಜಮ್ಮ?" ಎಂದು ಹೆಸರು ಹಿಡಿದು ಕೇಳುತ್ತಿದ್ದರು. ವಾರಕ್ಕೊಮ್ಮೆ ಅವಳ ಹೆಸರು ಅವಳ ಕಿವಿಗೆ ಬೀಳುತ್ತಿದ್ದದ್ದು ಆವಾಗ ಮಾತ್ರ. ಅದಕ್ಕೆಂದೇ ಅವಳು ಮಧ್ಯಾಹ್ನವೇ ಒಗೆದ ಸೀರೆ ಉಟ್ಟು ತಯಾರಾಗುತ್ತಿದ್ದಳು. ಒಂದು ಸಲ ಎದ್ದು ನಿಂತು, "ಮೂರು ತಿಂಗಳಿಂದ ನೋಡ್ತಾ ಇವ್ನಿ ಮೇಷ್ಟ್ರೇ, ನಮ್ಮ ಹುಳ ಒಂದು ದಿನಾನೂ ಹೊರಕಡೆಗೆ ಹೋಗಿಲ್ಲ" ಎಂದಳು. ಊರು ಬಿದ್ದು ಬಿದ್ದು ನಕ್ಕಿತು. ಅವಳು ಗಂಭೀರವಾಗಿ ನಿಂತೇ ಇದ್ದಳು. ಆ ಮಾತು ನಿಜವೇ ಆಗಿತ್ತು.

ಪಾಲು ಕಳಕೊಂಡ ಮನೆಯನ್ನು ಮೇಷ್ಟ್ರು ಮತ್ತೆ ಕೇಳುತ್ತಿರಲಿಲ್ಲ. ಕಣ್ಣು ಹೋದವರ ಪಾಲನ್ನು ತೆಗೆದು ಬೇರೆ ಮನೆಗೆ ಕೊಡುವುದು ರೂಢಿ. ಇದನ್ನು ಯಾಕೆ ಹೇಳಿದೆ ಎಂದರೆ, ನಾನು ಹೋದ ಹದಿನೈದು ದಿನಕ್ಕೇ ನನಗೆ ಗೊತ್ತಾಯಿತು: ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಎಲೆಯನ್ನು ಬೆರಳಿಂದ ತಡವಿ ಹಚ್ಚುತ್ತಿದ್ದಳು. ಕಣ್ಣಿನ ಗುಡ್ಡೆಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಪೊರೆ. "ಬೆಳಕು ಕತ್ಲೆ ಗೊತ್ತಾಯ್ತದೆ, ಅಷ್ಟೇ ಕಣೇ ರಂಗಿ. ಯಾರ ಹತ್ರನೂ ಬಾಯಿಬಿಡಬ್ಯಾಡ. ನೀನು ನೋಡು, ನಾನು ಹೇಳ್ತೀನಿ. ನಮ್ಮನೆ ಅನ್ನ ಉಂಡೋಳು ನೀನು, ನೀನು ನೋಡಿದ್ರೂ ನಮ್ಮನೆ ನೋಡಿದ ಹಂಗೇ." ಅಪ್ಪ ನನ್ನನ್ನು ಜೊತೆಗೆಂದು ಬಿಟ್ಟಿದ್ದಲ್ಲ, ಕಣ್ಣಿಗೆಂದು ಬಿಟ್ಟಿದ್ದು.

ನೋಡುವುದನ್ನು ಅವಳೇ ಕಲಿಸಿದಳು. ಕಾಣದವಳು ಹೇಗೆ ಕಲಿಸಿದಳು ಎಂದರೆ, ಕೇಳಿ ಕೇಳಿ. "ಏಳು ಗುಂಡಿ ಅವೆ ಅತ್ತೆ" ಎಂದರೆ, "ಏಳೂ ಒಂದೇ ಅಳತೆಯಾ?" ಎನ್ನುವಳು. ಮತ್ತೆ ಹೋಗಿ ಬಗ್ಗಿ ನೋಡಬೇಕು. "ಮೂರು ದೊಡ್ಡವು" ಎಂದರೆ, "ದೊಡ್ಡವು ನೆರಳಲ್ಲಿ ಅವ್ಯಾ, ಬಿಸಿಲಲ್ಲಿ ಅವ್ಯಾ?" ಮತ್ತೆ ಹೋಗಬೇಕು. "ಹುಳ ಗುಂಡಿ ಬಿಟ್ಟು ಹೊರಟಾಗ ಯಾವ ಕಡೆ ಮುಖ ಮಾಡ್ತದೆ?" ಎಂದು ಕೇಳಿದ ದಿನ ನಾನು ಮಧ್ಯಾಹ್ನವಿಡೀ ಹೊಟ್ಟೆಯ ಮೇಲೆ ಮಲಗಿ ಕಾದೆ. ಅದು ಹಿಂದುಹಿಂದಕ್ಕೇ ನಡೆಯಿತು, ಧೂಳಿನ ಮೇಲೆ ಗೀರು ಎಳೆಯುತ್ತಾ. ಓಡಿಬಂದು ಹೇಳಿದೆ. ಅತ್ತೆಯ ಮುಖ ಅರಳಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಪ್ರತಿ ದಿನವೂ ಅಷ್ಟೇ ಖುಷಿ ಎಲ್ಲಿಂದ ಬರಬೇಕು? ಹುಡುಗುಬುದ್ಧಿ. ಕುಂಟಬಿಲ್ಲೆ ಆಡಲು ಗೆಳತಿಯರು ಕರೆಯುತ್ತಿದ್ದರು.

ಇನ್ನೊಂದು ಹಿಂಸೆಯಿತ್ತು. ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಹಚ್ಚಿ ಮುಗಿದ ಮೇಲೆ ಬಿಡುತ್ತಿರಲಿಲ್ಲ. ಹಂಚಿಕಡ್ಡಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳು ನನ್ನ ಹಣೆ, ಹುಬ್ಬು, ಕೆನ್ನೆ, ಗಲ್ಲ ಎಲ್ಲದರ ಮೇಲೆ ನಿಧಾನವಾಗಿ ಹರಿದಾಡುತ್ತಿದ್ದವು. "ಬಿಡತ್ತೆ, ಚುಚ್ತದೆ" ಎಂದು ತಲೆ ಕೊಡವಿ ಎದ್ದು ಓಡುತ್ತಿದ್ದೆ. ಅವಳು ಕೈಗೆ ಉಳಿದ ಎಣ್ಣೆಯನ್ನು ತನ್ನ ಪಾದಕ್ಕೆ ಸವರಿಕೊಳ್ಳುತ್ತಿದ್ದಳು.

ಆ ವರ್ಷ ಬೇಸಿಗೆಯ ಅಮಾವಾಸ್ಯೆ ಕಳೆದು ಬಂದ ಮೊದಲ ಶುಕ್ರವಾರ. ಇಡೀ ವಾರ ನಾನು ಗುಂಡಿಗಳ ಕಡೆ ತಲೆ ಹಾಕಿರಲಿಲ್ಲ. ಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಾ ಅತ್ತೆ ಕೇಳಿದಳು, "ಏನು ನೋಡಿದ್ಯೇ?" ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಒಂದು ಹುಳ ಎದ್ದು ಇನ್ನೊಂದರ ಗುಂಡಿಗೆ ಹೋಗಿ, ಒಂದು ಗಳಿಗೆ ಕೂತು, ವಾಪಸ್ ಬಂತು." ಅತ್ತೆ "ಹೌದಾ" ಎಂದಳು. ಕಟ್ಟೆಯ ಮೇಲೆ ಹಾಗೇ ಹೇಳಿದಳು. ನಮ್ಮ ಹುಳಗಳಿಗೂ ನೆಂಟರ ಮನೆ ಇದೆಯೆಂದು ಊರು ಸಂಭ್ರಮಪಟ್ಟಿತು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಗುಂಡಿಗಳಿರಲಿಲ್ಲ. ಸೂರಿನಡಿಯ ಧೂಳು ಕೈಯಲ್ಲಿ ಸವರಿದ ಹಾಗೆ ಮಟ್ಟಸವಾಗಿತ್ತು. ಹಿಂದೆಲ್ಲ ಒಂದೆರಡು ಮುಚ್ಚಿಹೋದರೆ ಪಕ್ಕದಲ್ಲೇ ಇನ್ನೆರಡು ಏಳುತ್ತಿದ್ದವು. ಈಗ ಒಂದೂ ಇಲ್ಲ. ಶಾಲೆಯ ಜಗಲಿಗೆ ಓಡಿದೆ, ಅಲ್ಲೂ ಇಲ್ಲ. ಅಕ್ಕಿಗಿರಣಿಯ ಗೋಡೆಯ ಬುಡ, ಹಳೇ ಛತ್ರದ ಮೂಲೆ, ಎಲ್ಲೂ ಇಲ್ಲ. ಅಮಾವಾಸ್ಯೆಗೆ ಇನ್ನೂ ಮೂರೂವರೆ ವಾರವಿತ್ತು. ಸುಳ್ಳು ಹೇಳಿದ್ದಕ್ಕೆ ಗಡುವಿಗೂ ಕಾಯದೆ ಹೊರಟುಹೋದವು ಎಂದುಕೊಂಡೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅತ್ತೆಯ ಕಾಲ ಬಳಿ ಕೂತು ಗೊಳೋ ಎಂದು ಅತ್ತು ಎಲ್ಲ ಹೇಳಿದೆ.

"ಗೊತ್ತಿತ್ತು ಕಣೇ" ಎಂದಳು ಅತ್ತೆ. "ಅವು ಒಂದುಕ್ಕೊಂದು ಸಿಕ್ಕಿದ್ರೆ ತಿಂದು ಹಾಕ್ತವೆ, ಇನ್ನು ನೆಂಟಸ್ತನ ಮಾಡ್ತವಾ?"

"ಮತ್ತೆ ಯಾಕೆ ಹೇಳ್ದೆ ಕಟ್ಟೆ ಮ್ಯಾಲೆ?"

"ನೀನು ನೋಡಿದೆ ಅಂದದ್ದನ್ನ ಸುಳ್ಳು ಅನ್ನಕ್ಕೆ ನಂಗೆ ಕಣ್ಣು ಎಲ್ಲಿತ್ತವ್ವ?"

ಅವಳು ಬೈದಿದ್ದರೆ ವಾಸಿಯಿತ್ತು. ಎದ್ದು ಗೋಡೆ ಹಿಡಿದುಕೊಂಡು ಸೂರಿನಡಿಗೆ ಹೋದಳು. ಕುಕ್ಕರುಗಾಲಲ್ಲಿ ಕೂತು, ಆಚೀಚೆ ಯಾರಾದರೂ ಇದ್ದಾರೆಯೇ ಎಂದು ನನ್ನನ್ನು ಕೇಳಿ, ಧೂಳಿನೊಳಗೆ ಕೈ ಇಳಿಸಿಯೇ ಬಿಟ್ಟಳು. "ಅತ್ತೆ, ಮುಟ್ಟಬಾರ್ದು!" ಎಂದೆ. "ಸುಮ್ನಿರೇ. ಕಣ್ಣಿದ್ದೋರಿಗೆ ಆ ಮಾತು" ಎಂದಳು. ರವೆ ಜರಡಿ ಹಿಡಿಯುವ ಹಾಗೆ ಬೆರಳ ಸಂದಿಯಿಂದ ಧೂಳು ಬಿಡುತ್ತಾ ಬಿಡುತ್ತಾ ಥಟ್ಟನೆ ನಿಂತಳು. ಅಂಗೈ ಬಿಚ್ಚಿದರೆ, ಬಟಾಣಿ ಕಾಳಿನಷ್ಟು ದುಂಡಗಿನ ಮರಳಿನ ಉಂಡೆ. "ಇದೇನೇ ಇದು? ಮರಳು ತಾನೇ ಉಂಡೆ ಆಯ್ತದಾ? ಯಾರೋ ಕಟ್ಟವ್ರೆ." ಹುಡುಕಿದರೆ ಏಳು ಉಂಡೆ ಸಿಕ್ಕವು. ಗುಂಡಿಗಳು ಎಷ್ಟಿದ್ದವೋ ಅಷ್ಟೇ.

ಆರನ್ನು ಮತ್ತೆ ಧೂಳಿಗೇ ಸೇರಿಸಿದಳು. ಒಂದನ್ನು ಬೋಗುಣಿಯಲ್ಲಿ ಧೂಳು ಹರಡಿ ಇಟ್ಟು, ಒಂದು ಹಂಚಿಕಡ್ಡಿ ನೆಟ್ಟು, ಮೇಲೆ ತೆಳುಬಟ್ಟೆ ಕಟ್ಟಿದಳು. ಆಮೇಲೆ ನಾವಿಬ್ಬರೂ ಕಾದೆವು. ಅಂಥ ಕಾಯುವಿಕೆಯನ್ನು ನಾನು ಬದುಕಿನಲ್ಲಿ ಮತ್ತೆ ಕಾಣಲಿಲ್ಲ, ಹೆರಿಗೆ ನೋವಿನಲ್ಲೂ ಇಲ್ಲ. ಕುಂಟಬಿಲ್ಲೆಯನ್ನು ಮರೆತೇಬಿಟ್ಟೆ. ಬೆಳಿಗ್ಗೆ ಎದ್ದರೆ ಬೋಗುಣಿ, ಊಟವಾದರೆ ಬೋಗುಣಿ. ಉಂಡೆ ಉಂಡೆಯಾಗಿಯೇ ಕೂತಿತ್ತು.

ಊರಿನ ಬಾಯಿ ಮುಚ್ಚುವವರು ಯಾರು? ಗುಂಡಿಗಳು ಹೋದದ್ದು ಎಲ್ಲರಿಗೂ ಗೊತ್ತಾಯಿತು. ಮುಂದಿನ ಶುಕ್ರವಾರ ಮೇಷ್ಟ್ರು ಕೇಳಿದಾಗ ಅತ್ತೆ, "ಇನ್ನೂ ನೋಡ್ತಾ ಇವ್ನಿ ಮೇಷ್ಟ್ರೇ" ಎಂದಳು. ಅದರ ಮುಂದಿನ ಎರಡು ಶುಕ್ರವಾರವೂ ಹಾಗೇ ಎಂದಳು. ಆಗ ಎದ್ದವನು ಬಡಗಿ ಮೌನಾಚಾರಿ. ಹೆಸರು ಮೌನಾಚಾರಿ, ಅವನು ಬಾಯಿ ಮುಚ್ಚಿದ್ದನ್ನು ಮಾತ್ರ ಕಂಡವರಿಲ್ಲ. "ಇಲ್ಲದಿರೋದನ್ನ ಏನು ನೋಡ್ತೀಯಮ್ಮ ತಿಮ್ಮಾಜಮ್ಮ? ಬರೋ ಶುಕ್ರವಾರ ಅಮಾವಾಸ್ಯೆ. ಅಲ್ಲಿಗೆ ನಿಮ್ಮನೆ ಲೆಕ್ಕ ಚುಕ್ತಾ" ಎಂದ. ಅತ್ತೆಯ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು. ಅವನನ್ನು ಕಚ್ಚಿಬಿಡಬೇಕು ಎನ್ನಿಸಿತು ನನಗೆ.

ಮೌನಾಚಾರಿಗೂ ತನ್ನದೇ ಸಂಕಟವಿತ್ತೆನ್ನಿ. ಅವನ ಪಾಲು ದೀಪದ ಸೊಸೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಎಲ್ಲಿಂದಲೋ ತೇಲಿಬರುವ ಹುಳು, ಬಿದಿರುಕಡ್ಡಿಯಷ್ಟು ಸಪೂರ ಮೈ, ಮೈಗಿಂತ ಉದ್ದದ ಜಾಲರಿ ರೆಕ್ಕೆ. ಕೂತಾಗ ರೆಕ್ಕೆ ಮಡಿಸಿ ಸೆರಗು ಹೊದ್ದ ಹಾಗೆ ತಲೆ ತಗ್ಗಿಸುತ್ತದೆ, ಅದಕ್ಕೇ ಸೊಸೆ. ಅಷ್ಟು ಚೆಂದದ ಪಾಲು, ಆದರೆ ಕೆಲವೇ ವಾರ ಕಾಣಿಸಿಕೊಳ್ಳುತ್ತದೆ. ಆ ದಿನಗಳು ಕಳೆದ ಮೇಲೆ ಅವನಿಗೆ ಊರು ವಿನಾಯಿತಿ ಕೊಟ್ಟಿತ್ತು. ಪ್ರತಿ ವರ್ಷ ಕಟ್ಟೆಯ ಮೇಲೆ ಅವನ ಗೋಳು ಒಂದೇ: "ನಮ್ಮ ಸೊಸೆ ಮರಿ ಆಗಿದ್ದಾಗ ಎಲ್ಲಿರ್ತಾಳೆ, ಅವಳ ತವರುಮನೆ ಎಲ್ಲಿ, ನಮ್ಮ ತಾತನ ಕಾಲದಿಂದ ಹುಡುಕ್ತಾ ಇದೀವಿ ಕಣ್ರಪ್ಪ, ಸಿಕ್ಕಿಲ್ಲ."

ಗುರುವಾರ ಸಂಜೆ. ನಾನು ದೀಪದ ಬತ್ತಿ ಹೊಸೆಯುತ್ತಿದ್ದೆ. ಬೋಗುಣಿಯ ಕಡೆಯಿಂದ ಒಣ ಎಲೆ ಕೆರೆದಂಥ ಸಣ್ಣ ಸದ್ದು. ಅದನ್ನು ಮೊದಲು ಕೇಳಿದ್ದು ಅತ್ತೆ. "ರಂಗೀ, ಬಟ್ಟೆ ತೆಗಿ!" ತೆಗೆದೆ. ಉಂಡೆಗೆ ತೂತು ಬಿದ್ದಿತ್ತು. ಹಂಚಿಕಡ್ಡಿಯ ಮೇಲೆ ಏನೋ ಮೆತ್ತಗಿನದು ಹತ್ತುತ್ತಿತ್ತು, ಬೆನ್ನ ಮೇಲೆ ಒದ್ದೆಬಟ್ಟೆಯ ಮುದ್ದೆಯಂಥದ್ದು ಹೊತ್ತು. ಇಕ್ಕಳವಿಲ್ಲ, ಹಿಂದುಹಿಂದಕ್ಕೆ ನಡೆಯುವುದಿಲ್ಲ, ಮುಂದಕ್ಕೇ ನಡೆಯುತ್ತಿತ್ತು. ಅತ್ತೆ ಕಡ್ಡಿಯ ತುದಿಗೆ ಬೆರಳು ಹಿಡಿದಳು. ಅದು ಬೆರಳಿಗೆ ಹತ್ತಿ ನಿಂತಿತು. ಆ ಮುದ್ದೆ ಬಿಚ್ಚಿಕೊಳ್ಳತೊಡಗಿತು. ಅತ್ತೆ ಉಸಿರು ಸಣ್ಣಗೆ ಬಿಡುತ್ತಾ ಕೈ ಅಲುಗಿಸದೆ ಎಷ್ಟು ಹೊತ್ತು ಕೂತಳೋ. "ಒಣಗ್ತಾ ಐತೆ ಕಣೇ. ಆಗ ತಣ್ಣಗಿತ್ತು. ಈಗ ಐತೋ ಇಲ್ವೋ ಅನ್ನೋ ಹಂಗೆ ಹಗೂರಾಯ್ತು" ಎಂದಳು. ರೆಕ್ಕೆ ಪೂರ್ತಿ ಇಳಿಬಿದ್ದಾಗ ನಾನು ಕಿರುಚಿಯೇಬಿಟ್ಟೆ. "ಅಯ್ಯೋ ಅತ್ತೆ! ಇದು ಆಚಾರಿ ಮನೆ ದೀಪದ ಸೊಸೆ!"

ಅಮಾವಾಸ್ಯೆಯ ಶುಕ್ರವಾರ ಕಟ್ಟೆ ತುಂಬಿತ್ತು. ಒಂದು ಮನೆ ಪಾಲು ಕಳೆದುಕೊಳ್ಳುವುದನ್ನು ನೋಡಲು ಜನ ಬರದೆ ಇರುತ್ತಾರೆಯೇ? ಮೇಷ್ಟ್ರು ಕೆಮ್ಮಿ, ತಲೆ ತಗ್ಗಿಸಿಕೊಂಡೇ ಕೇಳಿದರು. "ಹೊಸದೇನು, ತಿಮ್ಮಾಜಮ್ಮ?"

ಅತ್ತೆ ಎದ್ದಳು. "ಮೊದ್ಲು ಹಳೇದು ಹೇಳ್ತೀನಿ ಮೇಷ್ಟ್ರೇ. ನಂಗೆ ಎರಡು ವರ್ಷದಿಂದ ಕಣ್ಣು ಕಾಣಲ್ಲ." ಮೇಷ್ಟ್ರು ತಲೆಯೆತ್ತಿ ನೋಡಿದರು. "ಈ ಸಲ ನಾನು ನೋಡಿಲ್ಲ. ಮುಟ್ಟಿವ್ನಿ. ತಪ್ಪು ಅಂದ್ರೆ ಪಾಲು ಕಿತ್ಕಳಿ. ಆದ್ರೆ ಮುಟ್ಟಿದ್ದು ಏನು ಅಂತ ಕೇಳಿ ಆಮ್ಯಾಕೆ ಕಿತ್ಕಳಿ." ಒಂದು ಕೈಯಲ್ಲಿ ತೂತುಬಿದ್ದ ಉಂಡೆ ಹಿಡಿದಳು. ಇನ್ನೊಂದು ಕೈಗೆ ನಾನು ಬೋಗುಣಿ ಕೊಟ್ಟು ಬಟ್ಟೆ ಸರಿಸಿದೆ. ಸೊಸೆ ಕಡ್ಡಿಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಗುಂಡಿಯಿಂದ ಉಂಡೆ, ಉಂಡೆಯಿಂದ ರೆಕ್ಕೆ, ಎಲ್ಲವನ್ನೂ ಅತ್ತೆ ಒಂದೊಂದಾಗಿ ಹೇಳಿದಳು. ನನ್ನ ಸುಳ್ಳನ್ನು ಮಾತ್ರ ಹೇಳಲಿಲ್ಲ. ನಾನೇ ಎದ್ದು ಹೇಳಿದೆ.

ಮೌನಾಚಾರಿ ಜನರನ್ನು ಸರಿಸಿಕೊಂಡು ಬಂದ. ಜಗಳಕ್ಕೇ ಬಂದ ಎಂದುಕೊಂಡೆ. ಉಂಡೆಯನ್ನು ತೆಗೆದುಕೊಂಡು ಒಂದು ಕಣ್ಣು ಮುಚ್ಚಿ, ಬಡಗಿಗಳು ಕೊರೆದ ತೂತು ನೋಡುತ್ತಾರಲ್ಲ, ಹಾಗೆ ನೋಡಿದ. ಬೋಗುಣಿಯನ್ನು ನೋಡಿದ. ಮೌನಾಚಾರಿ ಅವತ್ತು ಹೆಸರಿಗೆ ತಕ್ಕ ಹಾಗೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಕಟ್ಟೆಗೆಲ್ಲ ಕೇಳುವ ಹಾಗೆ, "ನಮ್ಮ ಸೊಸೆ ತವರುಮನೆ ನಿಮ್ಮ ಬಾಗ್ಲಲ್ಲೇ ಇತ್ತಾ ತಾಯಿ? ನಾನು ದಿನಾ ಅದನ್ನ ದಾಟ್ಕಂಡೇ ಕೆಲಸಕ್ಕೆ ಹೋಯ್ತಿದ್ನಲ್ಲ!" ಎಂದು ತಲೆ ಚಚ್ಚಿಕೊಂಡ.

"ಹಂಗಾರೆ ಇದು ಎರಡು ಪಾಲಲ್ಲ, ಒಂದೇ" ಎಂದರು ಮೇಷ್ಟ್ರು ಗಲ್ಲ ಕೆರೆಯುತ್ತಾ. "ಒಂದು ಪಾಲಿಗೆ ಒಂದೇ ಮನೆ. ಯಾರು ಬಿಡ್ತೀರಿ?"

ಅದಕ್ಕೆ ಉತ್ತರ ಕೊಟ್ಟವಳು ಆಚಾರಿಯ ಹೆಂಡತಿ ಕಾಳಮ್ಮ. "ಅದೇನು ಮಾತು ಮೇಷ್ಟ್ರೇ? ಹೆಣ್ಣು ಕೊಟ್ಟೋರು, ತಂದ್ಕಂಡೋರು, ಇಬ್ರೂ ಇರ್ಬೇಕಪ್ಪ. ಯಾರು ಬಿಡ್ತೀರಿ ಅಂತೀರಲ್ಲ." ಹೆಂಗಸರ ಸಾಲು ದಾಟಿ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ. ಮನೆ ಕಡೆ ಬನ್ನಿ ಬೀಗಿತ್ತೀ, ಎಲೆ ಹಾಕ್ತೀನಿ, ಊಟ ಮಾಡ್ಕಂಡು ಹೋಗಿ."

ಬೀಗಿತ್ತಿ. ಮಕ್ಕಳಿಲ್ಲದ ತಿಮ್ಮಾಜಮ್ಮನನ್ನು ಯಾರು ಯಾವಾಗ ಹಾಗೆ ಕರೆದಿದ್ದರು? ಅವತ್ತು ಆಚಾರಿಯ ಮನೆಯಲ್ಲಿ ಅವಳೇ ಹಚ್ಚಿದ ಎಲೆಯ ಮೇಲೆ ಅವಳಿಗೆ ಹೋಳಿಗೆ ಬಡಿಸಿದರು. ಎಲೆಯ ಅಂಚನ್ನು ತಡವಿ, "ಇದು ನಾನು ಹಚ್ಚಿದ್ದೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಬೆರಳಲ್ಲಿ ನೋಡಿದ್ದು ನೋಟವೋ ಅಲ್ಲವೋ ಎಂಬುದನ್ನು ಕಟ್ಟೆ ತೀರ್ಮಾನಿಸಲಾರದಾಗಿತ್ತು, ಅಮಾವಾಸ್ಯೆಯೇ ಹೇಳಬೇಕಿತ್ತು. ಶನಿವಾರ ಇಡೀ ಹಗಲು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಿಗೆ ಮೌನಾಚಾರಿ ಬೀದಿಯ ಆ ತುದಿಯಿಂದಲೇ ಕೂಗುತ್ತಾ ಓಡಿಬಂದ. "ಬಂದವ್ಳೆ ಬೀಗಿತ್ತೀ, ನಮ್ಮ ದೀಪಕ್ಕೆ ಮೂರು ಜನ ಬಂದವ್ರೆ!" ಮಳೆಗಾಲ ಮುಗಿದ ಮೇಲೆ ನಮ್ಮ ಸೂರಿನಡಿ ಜೋಳದ ಕಾಳು ಹಿಡಿಸುವಷ್ಟು ಪುಟ್ಟ ಪುಟ್ಟ ಗುಂಡಿಗಳೆದ್ದವು. ನಾನು ಎಣಿಸಿದೆ, ಇಪ್ಪತ್ತಮೂರು.

ಆದರೆ ಹೇಳಬೇಕೆಂದಿದ್ದದ್ದು ಆ ಶನಿವಾರದ ಸಂಜೆಯ ಮಾತು. ಆಚಾರಿ ಹೋದ ಮೇಲೆ ಅತ್ತೆ ಎಣ್ಣೆ ಬಟ್ಟಲು ತಂದು, "ಬಾರೇ ಇಲ್ಲಿ" ಎಂದಳು. ಕೂತೆ. ತಲೆಗೆ ಹಚ್ಚಿ ಮುಗಿಸಿ, ಎಂದಿನಂತೆ ಬೆರಳುಗಳು ಹಣೆಗೆ ಬಂದವು. ನಾನು ತಲೆ ಕೊಡವಲಿಲ್ಲ. ಅವಳಿಗೆ ಆಶ್ಚರ್ಯವಾಗಿರಬೇಕು, ಬೆರಳು ಒಂದು ಕ್ಷಣ ನಿಂತವು.

"ಯಾಕತ್ತೆ ದಿನಾ ಹಿಂಗೆ ಮುಟ್ತೀಯಾ?" ಎಂದೆ.

"ನೀನು ಬಂದಾಗ್ಲೇ ನಂಗೆ ಕಣ್ಣಿರ್ಲಿಲ್ಲವಲ್ಲೇ. ನಿನ್ನ ನಾನು ಒಂದು ಸಲಾನೂ ನೋಡಿಲ್ಲ. ಈ ಊರಲ್ಲಿ ನೋಡ್ದೆ ಬಿಟ್ಟದ್ದು ಎಲ್ಲುಳಿತದೆ? ಮನುಷ್ಯರಿಗೆ ಹಂಗಾಗಲ್ಲ ಅಂತಾರೆ. ಯಾರಿಗವ್ವ ಗೊತ್ತು? ದಿನಾ ಭಯ ಆಯ್ತಿತ್ತು. ಬೆರಳಲ್ಲಿ ನೋಡಿದ್ರೆ ಆಯ್ತದೋ ಇಲ್ವೋ ಅಂತ ನೆನ್ನೆವರ್ಗೂ ಗೊತ್ತಿರ್ಲಿಲ್ಲ." ಬೆರಳು ಹುಬ್ಬು ದಾಟಿ, ಕೆನ್ನೆ ದಾಟಿ, ಮೂಗಿನ ತುದಿಗೆ ಬಂದವು. ಅಲ್ಲಿ ನಿಂತು ಎರಡು ಸಲ ಸವರಿದವು. "ಇದು ನೆನ್ನೆ ಇರ್ಲಿಲ್ಲ" ಎಂದಳು.

ಮುಂದಿನ ಶುಕ್ರವಾರ ಮೇಷ್ಟ್ರು "ಹೊಸದೇನು, ತಿಮ್ಮಾಜಮ್ಮ?" ಎಂದು ಕೇಳಿದಾಗ, ಒಗೆದ ಸೀರೆಯುಟ್ಟ ನನ್ನ ಅತ್ತೆ ಎದ್ದು ನಿಂತು, ಇಡೀ ಊರಿಗೆ ಕೇಳುವ ಹಾಗೆ, "ನಮ್ಮ ರಂಗಿ ಮೂಗಿನ ಮ್ಯಾಲೆ ಒಂದು ಮೊಡವೆ ಎದ್ದೈತೆ" ಎಂದಳು. ಊರು ಚಪ್ಪಾಳೆ ತಟ್ಟಿ ನಕ್ಕಿತು. ಗೂಳಪ್ಪನಂತೂ ಮೊಣಕೈ ಕೆರೆಯುವುದನ್ನೂ ಬಿಟ್ಟು ನಕ್ಕ. ನನ್ನ ಮಾನ ಮೂರುಕಾಸಿಗೆ ಹೋಯಿತೆಂದು ವಾರವಿಡೀ ಅವಳೊಂದಿಗೆ ಮಾತು ಬಿಟ್ಟಿದ್ದೆ. ಅತ್ತೆ ಹೋಗಿ ನಲವತ್ತು ವರ್ಷವಾಯಿತು. ನಾನು ಮದುವೆಯಾಗಿ ಬಂದ ಈ ಊರಿನಲ್ಲಿ ಯಾರೂ ಯಾವುದನ್ನೂ ನೋಡುವುದಿಲ್ಲ, ಆದರೂ ಎಲ್ಲ ಇದ್ದಲ್ಲೇ ಇದೆ ಎನ್ನುತ್ತಾರೆ. ಶುಕ್ರವಾರ ದೀಪ ಹಚ್ಚಿದ ಮೇಲೆ ಒಬ್ಬಳೇ ಕೂತು ಹಣೆಯಿಂದ ಗಲ್ಲದವರೆಗೆ ಮುಖದ ಮೇಲೆ ಕೈಯಾಡಿಸಿಕೊಳ್ಳುತ್ತೇನೆ. ಮೂಗಿನ ತುದಿಯಲ್ಲಿ ಆ ಮೊಡವೆ ಚಿವುಟಿಕೊಂಡ ಸಣ್ಣ ಗುಳಿ ಇನ್ನೂ ಇದೆ.